ಹೆಡ್‌ಮೇಷ್ಟ್ರು ಕೊಟ್ಟ ಸ್ಯಾಂಪಲ್

ಗುಂಡನ ಹೊಟ್ಟೆಯಲ್ಲಿ ಮತ್ತೆ ಹುಳು ಕಾಣಿಸಿಕೊಂಡಾಗ ನಾಯಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಮಾತ್ರೆ ಹೊಟ್ಟೇಲಿರೋ ಹುಳು ಕೊಲ್ಲುತ್ತೆ, ಮಣ್ಣಿಗೆ ಬಿದ್ದ ಮೊಟ್ಟೇನಲ್ಲ. ಅದೇ ಜಾಗ ಮೂಸಿ, ಪಾದ ನೆಕ್ಕಿದ್ರೆ ತಿರುಗಾ ಹೊಟ್ಟೆಗೇ. ಕಕ್ಕ ದಿನಾ ಎತ್ತುತ್ತಾ ಇದ್ದೀರಿ ತಾನೆ?"

"ನಮ್ಮ ಮಾವ ಒಂದಿನಾನೂ ತಪ್ಪಿಸಲ್ಲ," ಎಂದಳು ಸೊಸೆ. ಪಕ್ಕದಲ್ಲಿದ್ದ ನಿವೃತ್ತ ಹೆಡ್‌ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು.

ಅಸಲಿ ವಿಷಯ ಬೇರೆ. ಬೀದಿಯ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರು. ಅವರೆದುರು ಸೊಂಟ ಬಗ್ಗಿಸಿ ನಾಯಿ ಕಕ್ಕ ಬಾಚುವುದೇ! ಪಕ್ಕದ ಖಾಲಿ ಸೈಟಿನಲ್ಲಿ ಗುಂಡ ಕುಕ್ಕರಿಸಿದಾಗ ಮೇಷ್ಟ್ರು ಆಕಾಶ ನೋಡುತ್ತಿದ್ದರು. ಆಮೇಲೆ ಹಿತ್ತಲಿನ ಹೂಕುಂಡದ ಹಸಿಮಣ್ಣನ್ನು ಚೀಲಕ್ಕೆ ತುಂಬಿ, ಸೊಸೆಗೆ ಕಾಣುವಂತೆ ಮೂಗು ಮುಚ್ಚಿಕೊಂಡು ಕಸದ ಡಬ್ಬಿಗೆ ಹಾಕುತ್ತಿದ್ದರು.

"ನಾಳೆ ಇವನ ಕಕ್ಕದ ಸ್ಯಾಂಪಲ್ ತನ್ನಿ ಸಾರ್," ಎಂದು ಡಾಕ್ಟರಮ್ಮ ಪುಟ್ಟ ಡಬ್ಬಿ ಕೊಟ್ಟರು.

ಮರುದಿನ ಬೆಳಗ್ಗೆ ಮೇಷ್ಟ್ರು ಗಟ್ಟಿಮನಸ್ಸು ಮಾಡಿಯೇ ಹೊರಟರು. ಇನ್ನೇನು ಬಗ್ಗಬೇಕು, "ನಮಸ್ಕಾರ ಸಾರ್!" ಎಂದು ಇಬ್ಬರು ಹಳೇ ಶಿಷ್ಯರು ಹಾದುಹೋದರು. ಬಗ್ಗುತ್ತಿದ್ದ ಸೊಂಟ ನೆಟ್ಟಗಾಯಿತು. ಮತ್ತೆ ಹೂಕುಂಡವೇ ಗತಿ. ಮಣ್ಣು ಕಲಸಿ, ಉಂಡೆ ಮಾಡಿ, ಬೆರಳಿನಿಂದ ತೀಡಿ ಎಷ್ಟು ಚೆನ್ನಾಗಿ ಆಕಾರ ಕೊಟ್ಟರೆಂದರೆ, ಗುಂಡನೇ ಮೋಸಹೋಗಬೇಕು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಡಬ್ಬಿಯ ಮುಚ್ಚಳ ತೆಗೆದು ಕಡ್ಡಿಯಿಂದ ಕೆದಕಿದರು. "ಹುಳು ಇದೆ ಸಾರ್."

"ನೋಡಿದ್ಯೇನಮ್ಮಾ? ನಾನೆಷ್ಟು ಎತ್ತಿದ್ರೇನು ಬಂತು!" ಎಂದು ಮೇಷ್ಟ್ರು ಸೊಸೆಯತ್ತ ತಿರುಗಿದರು.

"ಎರೆಹುಳು ಸಾರ್. ಇನ್ನೂ ಹರಿದಾಡ್ತಿದೆ."

ಸೊಸೆ ಡಬ್ಬಿಯನ್ನೂ ನೋಡಿದಳು, ಮಾವನನ್ನೂ ನೋಡಿದಳು. "ಮಾವ, ಇದು ಗುಂಡ ಮಾಡಿದ್ದಾ, ನೀವು ಮಾಡಿದ್ದಾ?"

ಸುಳ್ಳು ಹೇಳಿದವರನ್ನು ನಲವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರಿಗೆ ಅಲ್ಲಿದ್ದ ಬೆಂಚು ನೋಡಲೂ ಭಯವಾಯಿತು. ಎಲ್ಲ ಒಪ್ಪಿಕೊಂಡರು. ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಸೊಸೆ ನಗಲಿಲ್ಲ, ಮರುದಿನದಿಂದ ತಾನೂ ಜೊತೆಗೆ ಹೊರಟಳು.

ಮೊದಲ ದಿನ ಮೇಷ್ಟ್ರು ಬೆವರಿದರು. ಎರಡನೆಯ ದಿನ ಅಷ್ಟಿಲ್ಲ. ಸೈಟಿನಲ್ಲಿದ್ದ ಹಳೆಯದನ್ನೂ ಬಾಚಿಯಾಯಿತು. ಗುಂಡನಿಗೆ ಮಾತ್ರೆ ಕೊಟ್ಟು, ಹದಿನೈದು ದಿನ ಬಿಟ್ಟು ಇನ್ನೊಂದು ಸುತ್ತು ಕೊಟ್ಟರು. ಆಮೇಲೆ ಹುಳುವಿನ ಸುಳಿವಿಲ್ಲ.

ಒಂದು ಬೆಳಗ್ಗೆ ಮೇಷ್ಟ್ರ ಹಳೇ ಶಿಷ್ಯ, ಈಗ ಬ್ಯಾಂಕ್ ಮ್ಯಾನೇಜರ್ ಆಗಿರುವವನೊಬ್ಬ ತನ್ನ ನಾಯಿಯನ್ನು ಅದೇ ಸೈಟಿನಲ್ಲಿ ಕೂರಿಸಿ, ಮೆಲ್ಲಗೆ ಜಾರಿಕೊಳ್ಳುತ್ತಿದ್ದ.

"ಲೋ, ನಿಲ್ಲೋ! ಅದನ್ನ ಯಾರು ಎತ್ತೋದು, ನಿಮ್ಮಪ್ಪಾನಾ?"

ಮ್ಯಾನೇಜರ್ ಟೈ ಹೆಗಲ ಮೇಲೆ ಎಸೆದುಕೊಂಡು ಬಗ್ಗಿದ. ಮೇಷ್ಟ್ರು ತಾವೇ ಚೀಲ ಬಿಡಿಸಿ ಹಿಡಿದು, "ಹೂಂ, ಪೂರ್ತಿ ಎತ್ತು," ಎಂದರು.