ಎಣ್ಣೆಗಿರಣಿ ಸರ್ಕಸ್ಸಿನ ಕ್ಲಾರಿನೆಟ್

ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಹೆಣ ಹೊತ್ತವರು ತಟಕ್ಕನೆ ನಿಂತುಬಿಟ್ಟರು. ಅಲ್ಲಿಯತನಕ ಭಜನೆಯ ಹಾಡೊಂದನ್ನು ಮೆಲ್ಲಗೆ ಊದುತ್ತ ಮುಂದೆ ನಡೆಯುತ್ತಿದ್ದ ಈರೇಶನ ಟ್ರಂಪೆಟ್ಟು ಇದ್ದಕ್ಕಿದ್ದ ಹಾಗೆ ಸರ್ಕಸ್ಸಿನ ಮಟ್ಟೊಂದಕ್ಕೆ ಹಾರಿತ್ತು. ಅವನ ಹಿಂದೆ ಡ್ರಮ್ಮಿನವನೂ ಹಾರಿದ. ಕುಣಿಯುವ, ಮುಗ್ಗರಿಸುವ, ಎದ್ದು ಮತ್ತೆ ಓಡುವ ಆ ಮಟ್ಟು ಮೊಳಕಾಲ್ಮೂರಿನ ಬೆಳಗಿನ ಬೀದಿಯನ್ನೆಲ್ಲ ತುಂಬಿಕೊಂಡಿತು. ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದೇ ಹೊರಗೆ ಬಂದರು.

"ಇದೇನ್ಲೇ ಈರೇಶ!" ಹೆಂಗಸರ ಗುಂಪಿನಿಂದ ಚಿನ್ನಕ್ಕ ಕೂಗಿದಳು. ಸತ್ತ ಗೋವಿಂದಪ್ಪನ ತಂಗಿ ಆಕೆ. "ನಮ್ಮಣ್ಣನ ಮಣ್ಣಿಗೆ ಬಂದೀಯೋ, ಮದ್ವೆ ಮೆರವಣಿಗೆಗೆ ಬಂದೀಯೋ?"

ಈರೇಶ ಟ್ರಂಪೆಟ್ಟು ಕೆಳಗಿಳಿಸಿ ತೋಳಿನಿಂದ ಮುಖ ಒರೆಸಿಕೊಂಡ. "ಚಿನ್ನಕ್ಕ, ಇದು ಅವರೇ ಕಟ್ಟಿದ್ದು ಕಣ್ರಿ. ಮೂವತ್ತು ವರ್ಷ ನಾವಿಬ್ರೂ ಮಂದಿ ಹಾಡೇ ಊದಿದ್ವಿ. ಇದು ಮಾತ್ರ ಅವರದು. ಅವರ ಸ್ವಂತದ್ದು ಊದದೆ ಹೆಂಗ್ರಿ ಕಳಿಸ್ಲಿ?"

ಈರೇಶ ಮತ್ತೆ ಊದಿದ. ಹೆಣ ಹೊತ್ತವರ ಹೆಜ್ಜೆಯೂ ಮೆಲ್ಲಗೆ ಆ ಮಟ್ಟಿಗೆ ಹೊಂದಿಕೊಂಡಿತು.

ಹಿಂದೆ ನಡೆಯುತ್ತಿದ್ದ ಮೊಮ್ಮಗಳು ರಂಜಿತಾಳಿಗೆ ಅಳು ಬರಬೇಕಿತ್ತು. ಬಂದದ್ದು ಬೇರೆಯೇ. ದುಪ್ಪಟ್ಟಾದ ಅಂಚಿನ ಮೇಲೆ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕ್ಲಾರಿನೆಟ್ಟಿನ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು. ಅದೇ ದಿನ ಸಂಜೆ ಆರೂವರೆಗೆ ಚಳ್ಳಕೆರೆಯಲ್ಲಿ ಆ ಸರ್ಕಸ್ಸಿನ ಮೊಟ್ಟಮೊದಲ ಶೋ ಇತ್ತು.

* * *

ಹೋದ ವರ್ಷ ಚಳ್ಳಕೆರೆಯಲ್ಲಿ ಮುಚ್ಚಿಹೋಗಿದ್ದ ಒಂದು ಶೇಂಗಾ ಎಣ್ಣೆಗಿರಣಿಯ ಗೋಡೌನನ್ನು ಓಬಳೇಶ ಬಾಡಿಗೆಗೆ ಹಿಡಿದ. ಶಾಲೆಯಲ್ಲಿ ಮಲ್ಲಕಂಬ ಆಡಿ, ಕೇರಳದ ಸರ್ಕಸ್ ಕಂಪನಿಯೊಂದರಲ್ಲಿ ಆರು ವರ್ಷ ತೂಗಾಡಿ ಊರಿಗೆ ಮರಳಿದವನು. ಆನೆ, ಸಿಂಹ ಯಾವುದೂ ಇಲ್ಲದೆ ಬರೀ ಮನುಷ್ಯರ ಮೈಯಿಂದ ಕತೆ ಹೇಳುವ ಹೊಸ ಬಗೆಯ ಸರ್ಕಸ್ ಕಟ್ಟಬೇಕೆಂಬುದು ಅವನ ಹಟ. ಒಂಬತ್ತು ಜನ ಸೇರಿಕೊಂಡರು. ಗೌರಸಮುದ್ರದ ತೇಜಶ್ರೀ ತೊಲೆಯಿಂದ ಇಳಿಬಿಟ್ಟ ಎರಡು ಉದ್ದನೆಯ ಬಟ್ಟೆ ಹಿಡಿದು ಮೂವತ್ತಡಿ ಹತ್ತುತ್ತಿದ್ದಳು. ತಾತನಿಂದ ಕ್ಲಾರಿನೆಟ್ ಕಲಿತಿದ್ದ ರಂಜಿತಾ ಸಂಗೀತಕ್ಕೆ ಸೇರಿದಳು. ಒಂದು ದಿನ ತಾತನನ್ನೂ ಕರೆದುಕೊಂಡು ಹೋದಳು.

ಗೋವಿಂದಪ್ಪನಿಗೆ ಅರವತ್ತೇಳು. ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ, ಲಗ್ನದ ಕಾಲ ಬಂದರೆ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಗೋಡೌನಿಗೆ ಕಾಲಿಟ್ಟವನು ಮೊದಲು ಮಾಡಿದ್ದೆಂದರೆ ತೇಜಶ್ರೀಯ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿದ್ದು. "ನೈಲಾನು," ಎಂದು ಮುಖ ಸೊಟ್ಟಗೆ ಮಾಡಿದ.

ತೇಜಶ್ರೀ ನಕ್ಕು ಹತ್ತಿದಳು. ಸ್ಪೀಕರಿನಲ್ಲಿ ಯಾವುದೋ ಊರಿನ ಯಾವುದೋ ಸಂಗೀತ ಬಡಿದುಕೊಳ್ಳುತ್ತಿತ್ತು. ಅರ್ಧದಲ್ಲೇ ಗೋವಿಂದಪ್ಪ ಕೈ ಎತ್ತಿದ.

"ನಿಲ್ಸಪ್ಪ ಅದನ್ನ. ಆ ಯಮ್ಮ ಇನ್ನೂ ಉಸಿರು ತಗಂತಾ ಐತೆ, ನಿನ್ನ ಪೆಟ್ಟಿಗೆ ಆಗ್ಲೇ ಮುಂದ್ಕೆ ಓಡೋಗೈತೆ."

"ಮತ್ತೆ ನೀವೇ ಮಾಡಿಕೊಡ್ರಿ ಯಜಮಾನ್ರೇ," ಎಂದ ಓಬಳೇಶ, ಅರ್ಧ ತಮಾಷೆಗೆ.

ತಾತ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನ ಬುತ್ತಿ ಕಟ್ಟಿಸಿಕೊಂಡು ಮೊದಲ ಬಸ್ಸಿಗೇ ಬಂದ. ಮೂರು ತಿಂಗಳು, ವಾರಕ್ಕೆ ಮೂರು ದಿನ, ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತು ಒಬ್ಬೊಬ್ಬರ ಮೈಯನ್ನೂ ಓದಿದ. ಬೇಕಂತಲೇ ಬೀಳುವ ವಿದೂಷಕನಿಗೆ ಮುಗ್ಗರಿಸಿ ಏಳುವ ಮಟ್ಟು ಹಾಕಿದ. ಒಬ್ಬರ ಹೆಗಲ ಮೇಲೊಬ್ಬರು ಹತ್ತುವವರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ, ತುದಿಯಲ್ಲಿ ತುಸುವೇ ನಡುಗುವ ಸ್ವರ ಹುಡುಕಿದ. ರಂಜಿತಾ ಬರೆದುಕೊಳ್ಳಲು ಪುಸ್ತಕ ತೆಗೆದರೆ, ಆಡುವವರ ಕಾಲು ನೋಡೆಂದು ಮನೆಮಾತಿನ ತೆಲುಗು ಬೆರೆಸಿ ಗದರುತ್ತಿದ್ದ. "ಪುಸ್ತಕ ಇಕ್ಕಡೆ ಇಡು. ಕಾಲು ಚೂಡು ಅಮ್ಮಾಯಿ, ಅವಳ ಕಾಲು ಚೂಡು."

ಕೊನೆಗೆ ತೇಜಶ್ರೀಯ ಬೀಳಾಟ. ಮೇಲೆ ಹೋಗಿ ಬಟ್ಟೆಯನ್ನು ಸೊಂಟಕ್ಕೂ ತೊಡೆಗೂ ಸುತ್ತಿಕೊಂಡು, ಎರಡೂ ಕೈ ಬಿಟ್ಟು ಉರುಳುತ್ತ ಬಂದು ನೆಲಕ್ಕೆ ಮೂರಡಿ ಇರುವಾಗ ನಿಲ್ಲಬೇಕು. ಬೆನ್ನ ಹಿಂದಿನ ಸುತ್ತು ಸರಿಯಾಗಿ ಕೂತಿದೆಯೋ ಇಲ್ಲವೋ ಅವಳಿಗೆ ಕಾಣದು. ಒಮ್ಮೆ ಒಂದು ಸುತ್ತು ಜಾರಿ ಭುಜ ಉಳುಕಿಸಿಕೊಂಡಿದ್ದಳು. ನೇಯ್ಗೆಯೊಳಗಿನ ತಪ್ಪು ಎಳೆಯನ್ನು ಐವತ್ತು ವರ್ಷ ಹುಡುಕಿದ್ದ ತಾತನ ಕಣ್ಣಿಗೆ ಅದು ಕೆಳಗಿನಿಂದಲೇ ಕಾಣುತ್ತಿತ್ತು. ಅವಳು ಸುತ್ತಿಕೊಳ್ಳುವಷ್ಟು ಹೊತ್ತು ಅವನು ಒಂದೇ ಮೇಲಿನ ಸ್ವರವನ್ನು ಹಿಡಿದು ನಿಲ್ಲುತ್ತಿದ್ದ. ಎಲ್ಲ ಸರಿ ಕಂಡಮೇಲೆ ಕತ್ತರಿಸುತ್ತಿದ್ದ. ಸ್ವರ ನಿಂತರೆ ಅವಳು ಕೈ ಬಿಡುತ್ತಿದ್ದಳು.

ಅದು ಮೊದಲ ಸಲ ಕೂಡಿ ಬಂದ ಮಧ್ಯಾಹ್ನ ತಾತ ಬಸ್ಸಿನಲ್ಲಿ ಕೂರಲೊಲ್ಲದೆ ನಿಂತೇ ಬಂದಿದ್ದ. "ಮದ್ವೆ ಮನೇಲಿ ಎಲೆ ಹಾಕಿದ್ರೆ ನಮ್ಮನ್ನ ಯಾರೂ ಕೇಳಲ್ಲ ರಂಜಿ. ಇಲ್ಲಿ ನೋಡು, ನಾನು ನಿಲ್ಸಿದ್ರೇನೆ ಆ ಹುಡುಗಿ ಬೀಳೋದು! ಅಷ್ಟು ಚೆಂದಾಗಿ ನನ್ನನ್ನ ಯಾರು ಕೇಳಿದ್ರು ಹೇಳು, ಇಷ್ಟು ವರ್ಷ?" ಕಂಡಕ್ಟರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಿದ್ದ.

* * *

ಮಣ್ಣು ಮುಗಿಸಿ ಎಲ್ಲರೂ ಸ್ನಾನ ಮಾಡಿ ಬರುವ ಹೊತ್ತಿಗೆ ಹನ್ನೆರಡಾಗಿತ್ತು. ಶಾಮಿಯಾನದ ಕೆಳಗೆ ಓಬಳೇಶ, ತೇಜಶ್ರೀ ಕೂತಿದ್ದರು.

"ಶೋ ನಿಲ್ಲಿಸಿಬಿಡ್ತೀನಿ ರಂಜಿತಾ," ಎಂದ ಓಬಳೇಶ. "ಇಲ್ಲಾಂದ್ರೆ ಕೊನೇದೊಂದು ಬಿಟ್ಟು ಮಿಕ್ಕಿದ್ದು ಮಾಡೋಣ. ಯಜಮಾನ್ರು ಊದಿದ್ದು ರೆಕಾರ್ಡ್ ಐತೆ."

"ರೆಕಾರ್ಡಿಗೆ ಕಣ್ಣು ಐತೇನ್ರಿ?" ತೇಜಶ್ರೀ ಕೇಳಿದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. "ಕೊನೇದು ಇಲ್ಲದಿದ್ರೆ ಅವರ ಸಂಗೀತ ಅರ್ಧಕ್ಕೇ ನಿಂತಂಗೆ. ರಂಜಿ ಊದಿದ್ರೆ ಹತ್ತುತೀನಿ. ಇಲ್ಲಾಂದ್ರೆ ಬ್ಯಾಡ."

ರಂಜಿತಾ ಅವಳ ಕಡೆ ತಿರುಗಿದಳು. "ತಾತನಷ್ಟು ಉಸಿರು ನನಗಿಲ್ಲ ಕಣೇ. ನಡುವೆ ಮುರಿದು ಹೋದ್ರೆ? ನೀನು ಕೈ ಬಿಟ್ಟುಬಿಡ್ತೀಯ."

"ಮುರೀಬ್ಯಾಡ ಮತ್ತೆ," ಎಂದಳು ತೇಜಶ್ರೀ.

ಚಿನ್ನಕ್ಕ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತಳು. "ಏನ್ ಮಾತಾಡ್ತೀರಿ ನೀವು? ಮಣ್ಣು ಮಾಡಿದ ಕೈ ಇನ್ನೂ ಆರಿಲ್ಲ. ಸೂತಕದ ಮನೆ ಹುಡುಗಿ ಸರ್ಕಸ್ಸಿಗೆ ಊದೋಕೆ ಹೋಗ್ತಾಳಾ? ಊರವರು ಉಗೀತಾರೆ."

ಒಳಗಿನಿಂದ ಅಜ್ಜಿ ಚಿತ್ತಮ್ಮ ಎದ್ದು ಬಂದಳು. ಕೈಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ ಇತ್ತು.

"ನಿನ್ನೆ ಸಂಜೆ ಬಸ್ಸಿಳಿದು ಬಂದೋನು ಕಾಲು ಸೈತ ತೊಳೀಲಿಲ್ಲ," ಎಂದಳು, ಯಾರನ್ನೂ ನೋಡದೆ. "'ಚಿತ್ತಮ್ಮ, ನಾಳೆ ನೀನೂ ಬಾ, ನೋಡೀವಂತೆ' ಅಂದ. 'ನಂಗ್ಯಾಕೆ ಸರ್ಕಸ್ಸು, ಮಗ್ಗದ ಮೇಲೆ ಸೀರೆ ಐತೆ' ಅಂದೆ. ಟೀ ಕಾಸಿ ತರೋದ್ರೊಳಗೆ ಗೋಡೆಗೆ ಒರಗಿಬಿಟ್ಟಿದ್ದ." ಪೆಟ್ಟಿಗೆಯನ್ನು ರಂಜಿತಾಳ ತೊಡೆಯ ಮೇಲಿಟ್ಟಳು. "ನಾನಂತೂ ಹೊಸ್ತಿಲು ದಾಟಂಗಿಲ್ಲ. ನೀನು ಪೋಮ್ಮಾ, ಹೋಗು. ಉಗಿಯೋರು ಬಂದ್ರೆ ನಾನು ಇಲ್ಲೇ ಇರ್ತೀನಿ, ನನ್ನನ್ನ ಉಗೀಲಿ."

ಚಿನ್ನಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

* * *

ಗೋಡೌನು ಕಿಕ್ಕಿರಿದಿತ್ತು. ಮಾರ್ಕೆಟ್ಟಿನ ಹಮಾಲರು, ಆಟೋದವರು, ಕಾಲೇಜು ಹುಡುಗಿಯರು, ಹೂ ಮುಡಿದು ಸಂಸಾರ ಸಮೇತ ಬಂದವರು. ಜಾಗ ಸಿಗದವರು ಕಿಟಕಿಗೆ ಜೋತುಬಿದ್ದಿದ್ದರು. ಹಳೇ ಶೇಂಗಾ ಹಿಂಡಿಯ ವಾಸನೆಯಲ್ಲಿ ದೀಪಗಳು ಹತ್ತಿದವು. ಈರೇಶ ಟ್ರಂಪೆಟ್ಟು ಹಿಡಿದು ಬಂದು ರಂಜಿತಾಳ ಪಕ್ಕ ಕೂತ. "ನಾನೂ ಒಂದು ಕೈ," ಎಂದಷ್ಟೇ ಹೇಳಿದ.

ವಿದೂಷಕ ಬಿದ್ದ, ಎದ್ದ. ಜನ ಉರುಳಾಡಿ ನಕ್ಕರು. ಹೆಗಲ ಮೇಲೆ ಹೆಗಲು ಏರಿತು. ತಾತನ ಮಟ್ಟುಗಳು ಒಂದರ ಹಿಂದೊಂದು ಬಂದು, ಕೂತವರ ಕಾಲುಗಳನ್ನು ಕುಣಿಸಿ ಹೋದವು. ರಂಜಿತಾ ಎಲ್ಲಿದ್ದೇನೆಂಬುದನ್ನೇ ಮರೆತಳು. ಆಮೇಲೆ ದೀಪ ಒಂದೇ ಆಯಿತು. ತೇಜಶ್ರೀ ಬಟ್ಟೆಗೆ ಕೈ ಹಾಕಿದಳು.

ಅವಳು ತುದಿ ಮುಟ್ಟಿದಾಗ ರಂಜಿತಾ ಹೊಟ್ಟೆಯ ತನಕ ಉಸಿರು ತುಂಬಿಕೊಂಡು ಆ ಮೇಲಿನ ಸ್ವರ ಹಿಡಿದಳು. ಸೊಂಟಕ್ಕೆ ಒಂದು ಸುತ್ತು. ಎಡತೊಡೆಗೆ ಒಂದು. ಬಲತೊಡೆಗೆ ಒಂದು. ಎದೆಯೊಳಗೆ ಗಾಳಿ ಕರಗುತ್ತಿತ್ತು. ಇನ್ನೇನು ಕತ್ತರಿಸಬೇಕು, ಆಗ ಕಂಡಿತು: ಬೆನ್ನ ಹಿಂದೆ ಎರಡು ಬಟ್ಟೆ ಒಂದರೊಳಗೊಂದು ಹೊರಳಿಕೊಂಡಿದ್ದವು. ಕೈ ಬಿಟ್ಟರೆ ಆ ಸುತ್ತು ಹಿಡಿಯುವುದಿಲ್ಲ. ಕೆಳಗಿದ್ದ ಹಾಸಿಗೆ ಮೂವತ್ತಡಿಗೆ ಸಾಲುವಂಥದ್ದಲ್ಲ.

ಉಸಿರು ಮುಗಿದಿತ್ತು. ನಿಲ್ಲಿಸುವ ಹಾಗಿರಲಿಲ್ಲ.

ರಂಜಿತಾ ನಿಲ್ಲಿಸಲಿಲ್ಲ. ಉಳಿದ ಹನಿ ಗಾಳಿಯಲ್ಲಿ ಸ್ವರವನ್ನು ಕೆಳಕ್ಕೆ ಜಾರಿಸಿದಳು. ತಾತ ಎಂದೂ ಹಾಕದ ಇಳಿಜಾರು ಅದು. ಪಕ್ಕದಲ್ಲಿ ಈರೇಶ ಬೆಚ್ಚಿದ, ಮರುಕ್ಷಣ ಅರ್ಥವಾಗಿ ಟ್ರಂಪೆಟ್ಟಿನಲ್ಲಿ ಅದೇ ಸ್ವರವನ್ನು ಮೆತ್ತಗೆ ಎತ್ತಿಕೊಂಡ. ಆ ಒಂದು ಗಳಿಗೆಯಲ್ಲಿ ಅವಳು ಉಸಿರು ಕದ್ದಳು. ಕದ್ದು, ಹೊಸದೊಂದನ್ನು ಶುರು ಮಾಡಿದಳು. ಅಲ್ಲೇ ಸುತ್ತುವ, ಕೇಳುವ, ಮತ್ತೆ ಕೇಳುವ ಮಟ್ಟು. ತಾಳು, ಇನ್ನೊಂಚೂರು ತಾಳು. ತಾತನ ಸಂಗೀತದಲ್ಲಿ ಅದು ಎಲ್ಲೂ ಇರಲಿಲ್ಲ. ಅವಳ ಬೆರಳುಗಳಿಂದ ಆ ಕ್ಷಣಕ್ಕೆ ಹುಟ್ಟಿ ಬರುತ್ತಿತ್ತು.

ಮೇಲೆ ತೇಜಶ್ರೀಯ ತಲೆ ಒಂದಿಷ್ಟು ವಾಲಿತು. ಕೇಳಿಸಿಕೊಂಡಳು. ಬಿಡಲಿದ್ದ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ತಡವಿದಳು, ಬಟ್ಟೆ ಬಿಡಿಸಿದಳು, ಮತ್ತೆ ಸುತ್ತಿದಳು. ಕೆಳಗೆ ಕೂತವರಿಗೆ ಇದೂ ಆಟದ ಭಾಗವೇ ಅನ್ನಿಸಿ, ಯಾರೋ "ಅಬ್ಬಾ" ಎಂದರು.

ರಂಜಿತಾ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮತ್ತೆ ಆ ಮೇಲಿನ ಸ್ವರಕ್ಕೆ ಬಂದಳು. ಒಂದು ಸುತ್ತು. ಎರಡು. ಮೂರು. ಸರಿ.

ಕತ್ತರಿಸಿದಳು.

ಬಟ್ಟೆ ಸರ್ರನೆ ಸದ್ದು ಮಾಡಿತು. ತೇಜಶ್ರೀ ಉರುಳಿ ಉರುಳಿ ಬಂದು, ನೆಲಕ್ಕೆ ಮೂರಡಿಯಲ್ಲಿ, ಕೈ ಚಾಚಿ ತೂಗುತ್ತ ನಿಂತಳು. ತಗಡಿನ ಮಾಡು ಹಾರಿಹೋಗುವಂತೆ ಗೋಡೌನು ಕೂಗಿತು. ಸೀಟಿಗಳು, ಟವೆಲ್ಲುಗಳು ಗಾಳಿಗೆ ಹಾರಿದವು. ಈರೇಶ ಬಿಕ್ಕಿ ಬಿಕ್ಕಿ ಅಳುತ್ತ ನಗುತ್ತಿದ್ದ. ತೇಜಶ್ರೀ ತೂಗುತ್ತಲೇ ರಂಜಿತಾಳ ಕಡೆ ಬೆರಳು ತೋರಿಸಿ, "ಏನೇ ಅದು? ಯಾವಾಗ ಮಾಡಿದ್ದು?" ಎಂದು ಕಿರುಚಿದಳು.

ಓಬಳೇಶ ಜನರನ್ನು ನೂಕಿಕೊಂಡು ಬಂದು ತನ್ನ ಫೋನನ್ನು ರಂಜಿತಾಳ ಮುಖಕ್ಕೆ ಹಿಡಿದ. "ಹೇಮಂತ್ ವಿಡಿಯೋ ಕಾಲ್ ಮಾಡಿದ್ದ. ಮನೇಲಿ ಎಲ್ರೂ ಕೊನೇದು ನೋಡಿದ್ರು."

ಮೊಳಕಾಲ್ಮೂರಿನ ಮನೆಯಲ್ಲಿ ರಂಜಿತಾಳ ತಮ್ಮ ಹೇಮಂತ್, ಎಲ್ಲರಿಗೂ ಕಾಣಲೆಂದು ತನ್ನ ಫೋನನ್ನು ಮಗ್ಗದ ಮೇಲಿನ ಅಡ್ಡಪಟ್ಟಿಗೆ ಕಟ್ಟಿದ್ದ. ಸಾವಿಗೆ ಬಂದಿದ್ದ ಹೆಂಗಸರೆಲ್ಲ ಅದರ ಕೆಳಗೆ ಒತ್ತೊತ್ತಾಗಿ ಕೂತಿದ್ದರು. ಎಲ್ಲರ ಮುಖಗಳೂ ಮೇಲಕ್ಕೆ ಎತ್ತಿದ್ದವು, ತೇಜಶ್ರೀ ಇನ್ನೂ ಅವರ ಮನೆಯ ತೊಲೆಯ ಮೇಲೆಯೇ ಇದ್ದಾಳೆಂಬಂತೆ. ನಡುವೆ ಅಜ್ಜಿ, ಬಾಯಿ ತೆರೆದುಕೊಂಡು, ಚಿನ್ನಕ್ಕನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಚಿನ್ನಕ್ಕ ಬಿಡಿಸಿಕೊಳ್ಳದೆ, ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದಳು.