ಒಬ್ಬರಿಗೆ ಒಂದು ಕೊರತೆ

ಆ ಸಂಖ್ಯೆಯನ್ನು ಲೆಕ್ಕ ಹಾಕಿದವಳು ನಾನೇ. ಒಟ್ಟು ಕುಟುಂಬಗಳು ನೂರ ತೊಂಬತ್ತಾರು. ಅತೃಪ್ತರು ನೂರ ಎಪ್ಪತ್ತೊಂದು. ಅಂದರೆ ಶೇಕಡಾ ಎಂಬತ್ತೇಳು ಬಿಂದು ಎರಡು. ದಶಮಾಂಶದ ನಂತರ ಒಂದೇ ಸ್ಥಾನ ಸಾಕೆಂದು ಸೂಚನಾಪತ್ರದಲ್ಲಿ ಇದ್ದುದರಿಂದ ಅಲ್ಲಿಗೆ ನಿಲ್ಲಿಸಿದೆ. ಎರಡು ಬಾರಿ ಎಣಿಸಿ, ಮೂರನೆಯ ಬಾರಿ ಕಟ್ಟನ್ನು ತಲೆಕೆಳಗು ಮಾಡಿ ಕೊನೆಯಿಂದ ಎಣಿಸಿ, ಸಹಿ ಹಾಕಿ, ಲಕೋಟೆ ಅಂಟಿಸಿ ಇಲಾಖೆಗೆ ಕಳುಹಿಸಿದೆ.

ಹದಿನಾರು ದಿನಗಳ ನಂತರ ಉತ್ತರ ಬಂತು. ಪೋಷಕರ ಹಾಗೂ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಪರಿಗಣಿಸಿ ಈ ಸರ್ಕಾರಿ ಪ್ರೌಢಶಾಲೆಯನ್ನು ಮುಚ್ಚಿ, ಏಳು ಕಿಲೋಮೀಟರ್ ದೂರದ ದೊಡ್ಡ ಶಾಲೆಯೊಂದಿಗೆ ವಿಲೀನಗೊಳಿಸಲು ಉದ್ದೇಶಿಸಲಾಗಿದೆ ಎಂದು ಅದರಲ್ಲಿತ್ತು.

ಪದವಿ ಮುಗಿಸಿ ವಿಜ್ಞಾನ ಶಿಕ್ಷಕಿಯಾಗಿ ನಾನು ಈ ಶಾಲೆಗೆ ಸೇರಿ ಆಗ ಏಳು ತಿಂಗಳಾಗಿತ್ತು. ಮಕ್ಕಳು ನನಗೆ ‘ಮಿಲಿಮೀಟರ್ ಮಿಸ್’ ಎಂದು ಹೆಸರಿಟ್ಟಿದ್ದರು. ಎದುರಿಗೆ ಹೇಳುತ್ತಿರಲಿಲ್ಲ, ಆದರೆ ಕಿವಿಗೆ ಬೀಳುವಷ್ಟು ದೂರದಲ್ಲಿ ಹೇಳುತ್ತಿದ್ದರು. ಮುಖ್ಯೋಪಾಧ್ಯಾಯಿನಿಯವರನ್ನು ಎಲ್ಲರೂ ‘ದೊಡ್ಡ ಮೇಡಂ’ ಎನ್ನುತ್ತಿದ್ದರು. ಅವರು ಒಂಬತ್ತು ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿಯೊಂದಿತ್ತು. ಪ್ರತಿ ತಿಂಗಳ ಪೋಷಕರ ಸಭೆಗೆ ಬಂದವರು ತಲಾ ಒಂದು ಕೊರತೆ ಹೇಳಲೇಬೇಕು. ಹೊಗಳಿಕೆಗೆ ಅಲ್ಲಿ ಜಾಗವಿಲ್ಲ. “ಹೊಗಳೋದಿದ್ರೆ ಮನೇಲಿ ಹೊಗಳಿ. ಇಲ್ಲಿಗೆ ಬರೋರು ಕಣ್ಣು ಬಿಟ್ಕೊಂಡು ಬನ್ನಿ” ಎಂಬುದು ಅವರ ಮಾತು. ಕೊರತೆ ಹೇಳಲಾಗದೆ ತಡವರಿಸಿದ ತಂದೆಯೊಬ್ಬರನ್ನು ಶಾಲೆಯ ಸುತ್ತ ಒಂದು ಸುತ್ತು ಹಾಕಿಸಿ ಮತ್ತೆ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಹೀಗೆ ಪಳಗಿದ ಪೋಷಕರ ಕೈಗೆ ಇಲಾಖೆಯ ಅಭಿಪ್ರಾಯ ಪತ್ರ ಬಂದಾಗ ಅವರು ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದರು. ಒಬ್ಬೊಬ್ಬರೂ ಒಂದೊಂದು ಕೊರತೆ ಬರೆದರು. ಮಕ್ಕಳೂ ಬೇರೆ ಹಾಳೆಯಲ್ಲಿ ಬರೆದರು, ಎಣಿಕೆ ಮಾತ್ರ ಮನೆಗೊಂದು. ಕೊರತೆ ಬರೆದ ಪತ್ರವನ್ನು ‘ಅತೃಪ್ತಿ’ಯ ಕಾಲಂಗೆ ಸೇರಿಸಬೇಕೆಂದು ಸೂಚನಾಪತ್ರ ಹೇಳಿತ್ತು. ನಾನು ಸೇರಿಸಿದ್ದೆ.

ದೊಡ್ಡ ಮೇಡಂ ಪತ್ರವನ್ನು ಓದಿ ಕನ್ನಡಕ ತೆಗೆದಿಟ್ಟರು.

“ಎಣಿಕೆ ಸರಿಯಾಗೇ ಇದೆಯಲ್ಲಮ್ಮ?”

“ಸರಿಯಾಗಿದೆ ಮೇಡಂ. ಈ ಪದ್ಧತಿ ನನಗೆ ಗೊತ್ತಿತ್ತು. ಜೊತೆಗೆ ಎರಡು ಸಾಲು ವಿವರಣೆ ಬರೆದು ಕಳಿಸಬೇಕಿತ್ತು. ಕೇಳಿಲ್ಲ ಅಂತ ಬರೀಲಿಲ್ಲ.”

“ಹೂಂ. ನೀನು ಎಣಿಸಿದ್ದೂ ಸರಿ, ಅವರು ಬರೆದಿದ್ದೂ ಸರಿ, ನಾನು ಕಲಿಸಿದ್ದೂ ಸರಿ. ಎಲ್ಲ ಸರಿಯಾಗಿ ಸೇರಿ ಶಾಲೆಗೆ ಬೀಗ ಬೀಳೋ ಹಾಗಾಯ್ತು.”

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಪತ್ರದ ಎರಡನೆಯ ಪುಟವನ್ನು ಅವರ ಮುಂದಿಟ್ಟೆ. ಶುಕ್ರವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಅಧಿಕಾರಿಯೊಬ್ಬರು ಶಾಲೆಯಲ್ಲೇ ವಿಚಾರಣೆ ನಡೆಸುವರು. ಕುಟುಂಬಗಳಲ್ಲಿ ಅರ್ಧದಷ್ಟು ಖುದ್ದಾಗಿ ಹಾಜರಾಗಿ ಶಾಲೆ ಇಲ್ಲೇ ಮುಂದುವರಿಯಬೇಕೆಂದು ಕೋರಿದರೆ ಪ್ರಸ್ತಾವನೆ ರದ್ದಾಗುವುದು.

“ತೊಂಬತ್ತೆಂಟು ಮಂದಿ ಬರಬೇಕು,” ಎಂದೆ.

“ಕೆಲಸದ ದಿನ, ಕೆಲಸದ ಹೊತ್ತು. ತೊಂಬತ್ತೆಂಟು!” ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಸರಿ. ನಿನ್ನ ಕಾಲು ಗಟ್ಟಿ ಇದೆ. ಹೊರಡು.”

ಆ ಸಂಜೆ ನಾನು ಮೊದಲು ಹೋದದ್ದು ಇಸ್ತ್ರಿ ಅಂಗಡಿಗೆ. ಅಂಗಡಿಯ ಒಡತಿಯ ಮಗಳು ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಯಾವುದಕ್ಕೂ ‘ಯಾಕೆ’ ಎನ್ನದೆ ಬಿಡದವಳಾದ್ದರಿಂದ ಅವಳ ಹೆಸರು ಶಾಲೆಯಲ್ಲೂ ಬೀದಿಯಲ್ಲೂ ‘ಯಾಕಮ್ಮ’ ಎಂದೇ ಆಗಿತ್ತು. ಅಂಗಡಿಯೆಂದರೆ ಎಂಟು ಅಡಿ ಉದ್ದ, ಆರು ಅಡಿ ಅಗಲದ ಕೋಣೆ. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಸುಟ್ಟ ಕಲೆಗಳಿರುವ ಬಿಳಿ ಬಟ್ಟೆ, ಗೋಡೆಗೆ ಒರಗಿಸಿದ ಆಸ್ಪತ್ರೆಯ ಹಾಸುಬಟ್ಟೆಗಳ ರಾಶಿ. ತಾಯಿ ನಾನು ಹೇಳಿದ್ದನ್ನು ಕೇಳುತ್ತಲೇ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿದಳು.

“ಅಲ್ಲ ಮಿಸ್, ಟಾಯ್ಲೆಟ್ ಬಾಗಿಲಿನ ಚಿಲಕ ನಿಲ್ಲಲ್ಲ ಅಂತ ಬರೆದೆ. ಅದಕ್ಕೆ ಸ್ಕೂಲೇ ಮುಚ್ಚೋದಾ? ಮೂಗಿಗೆ ನೆಗಡಿ ಆಯ್ತು ಅಂತ ಯಾರಾದ್ರೂ ಮೂಗು ಕೊಯ್ತಾರಾ?”

“ಎಣಿಸಿದ್ದು ನಾನೇ ಅಮ್ಮ. ತಪ್ಪು ನನ್ನದು.”

“ನೀವಾ?” ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಷ್ಟೊಂದು ಓದಿ ಇದಾ ಮಾಡೋದು?”

“ಅಮ್ಮಾ!” ಎಂದಳು ರಾಶಿಯ ಹಿಂದಿನಿಂದ ಯಾಕಮ್ಮ.

“ನೀನು ಸುಮ್ನಿರೇ. ಏಳು ಕಿಲೋಮೀಟರ್ ಯಾರು ಕಳಿಸ್ತಾರೆ ನಿನ್ನ? ಎರಡು ಬಸ್ ಬದಲಾಯಿಸ್ಬೇಕು. ಹೋಗೋಕೆ ಬೆಳಕಿದ್ರೆ ಬರೋಕೆ ಕತ್ತಲೆ. ಆ ಸ್ಕೂಲಾದ್ರೆ ನಿನ್ನ ಓದು ಇಲ್ಲಿಗೇ ಮುಗೀತು, ಹೇಳಿಬಿಟ್ಟಿದೀನಿ.”

ಯಾಕಮ್ಮ ಯಾಕೆ ಎನ್ನಲಿಲ್ಲ. ಮಡಿಸಿದ್ದ ಹಾಸುಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಅಲ್ಲಿಯವರೆಗೆ ನನ್ನ ತಪ್ಪು ಒಂದು ಸಂಖ್ಯೆಯಾಗಿತ್ತು. ಆಗ ಅದಕ್ಕೆ ಮುಖ ಬಂತು.

ಅಷ್ಟರಲ್ಲಿ ಒಗೆದ ಸಮವಸ್ತ್ರದ ಗಂಟು ಹೊತ್ತು ಯಾಕಮ್ಮನ ಸೋದರಮಾವ ಬಂದ. ಅವನು ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸಿನ ಚಾಲಕ. ಅವನ ಮಗನೂ ನಮ್ಮಲ್ಲಿ ಎಂಟನೆಯ ತರಗತಿ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

“ನಮ್ಮ ಫ್ಯಾಕ್ಟರೀಲೇ ಮೂವತ್ತು ಮನೆಯವರು ಇದಾರೆ ಮಿಸ್. ಆದ್ರೆ ರಜೆ? ಸೂಪರ್‌ವೈಸರ್ ಸತ್ರೂ ಕೊಡಲ್ಲ.”

“ಅವನು ಸತ್ರೆ ಒಂದು ದಿನ ಕೊಡ್ತಾರೇನೋ,” ಎಂದಳು ಅಕ್ಕ.

“ಬಾಯಿ ನೋಡು ನಿಂದು! ಇರಲಿ, ಏನಾಗುತ್ತೋ ನೋಡೋಣ.”

ಮುಂದಿನ ಆರು ದಿನಗಳಲ್ಲಿ ನಾನು ನೂರ ಐವತ್ತೆಂಟು ಮನೆಗಳ ಬಾಗಿಲು ತಟ್ಟಿದೆ. ಮಿಕ್ಕ ಮನೆಗಳಿಗೆ ಮಕ್ಕಳ ಕೈಯಲ್ಲಿ ಚೀಟಿ ಹೋಯಿತು. ಬರುತ್ತೇವೆ ಎಂದವರಿಗಿಂತ ನೋಡೋಣ ಎಂದವರೇ ಹೆಚ್ಚು.

ಶುಕ್ರವಾರ ಹತ್ತಕ್ಕೆ ಸರಿಯಾಗಿ ಅಧಿಕಾರಿ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ, ಮೆದು ಮಾತಿನ ಮನುಷ್ಯ. ಜೊತೆಗೆ ಒಬ್ಬ ಗುಮಾಸ್ತ. ಪ್ರಯೋಗಾಲಯದ ಉದ್ದ ಮೇಜಿನ ಹಿಂದೆ ಅವರನ್ನು ಕೂರಿಸಿದೆವು. ಗುಮಾಸ್ತ ಪುಸ್ತಕದಲ್ಲಿ ‘ತೃಪ್ತಿ’, ‘ಅತೃಪ್ತಿ’ ಎಂದು ಎರಡು ಕಾಲಂ ಗೆರೆ ಎಳೆದ. ನಾನು ಬಾಗಿಲ ಬಳಿ ಹಾಜರಿ ಪಟ್ಟಿ ಹಿಡಿದು ನಿಂತೆ.

ಮೊದಲು ಬಂದವಳು ಇಸ್ತ್ರಿ ಅಂಗಡಿಯ ತಾಯಿ. ಅಧಿಕಾರಿ ಅವಳನ್ನು ಕುಳಿತುಕೊಳ್ಳಲು ಹೇಳಿ, “ಶಾಲೆ ಬಗ್ಗೆ ಏನು ಹೇಳ್ತೀರಮ್ಮ?” ಎಂದರು.

ಶಾಲೆಯ ಒಂಬತ್ತು ವರ್ಷಗಳ ಅಭ್ಯಾಸ ಒಂದು ಶುಕ್ರವಾರಕ್ಕೆ ಬಿಟ್ಟುಹೋಗುವುದೇ? “ಸರ್, ಆ ಚಿಲಕ ಇನ್ನೂ ಹಾಕಿಲ್ಲ,” ಎಂದುಬಿಟ್ಟಳು. ಗುಮಾಸ್ತನ ಲೇಖನಿ ಅತೃಪ್ತಿಯ ಕಾಲಂನಲ್ಲಿ ಇಳಿಯಿತು.

ಎರಡನೆಯವರು ಕ್ಷೌರದಂಗಡಿಯವರು: “ಹತ್ತನೇ ಕ್ಲಾಸಿನ ಫ್ಯಾನು ಗಾಳಿಗಿಂತ ಶಬ್ದ ಜಾಸ್ತಿ ಮಾಡುತ್ತೆ.” ಅತೃಪ್ತಿ. ಮೂರನೆಯವರು ಆಸ್ಪತ್ರೆಯ ಆಯಾ: “ಇಂಗ್ಲಿಷ್ ಸರ್ ಅಕ್ಷರ ಕೋಳಿ ಕೆದರಿದ ಹಾಗಿದೆ.” ಅತೃಪ್ತಿ. ನಾಲ್ಕನೆಯವರು ಬಾಯಿ ತೆರೆಯುವ ಮೊದಲೇ ಅಧಿಕಾರಿ ಕೈ ಎತ್ತಿದರು.

“ಒಂದು ನಿಮಿಷ. ಇಷ್ಟೆಲ್ಲ ಕೊರತೆ ಇದ್ದರೆ ಮಕ್ಕಳನ್ನ ಆ ದೊಡ್ಡ ಶಾಲೆಗೇ ಕಳಿಸಬಹುದಲ್ಲ? ಆ ಶಾಲೆ ಪೋಷಕರು ಒಂದು ದೂರೂ ಬರೆದಿಲ್ಲ.”

ಹೊರಡಲು ಎದ್ದಿದ್ದ ಇಸ್ತ್ರಿಯಮ್ಮ ಹಿಂದಿರುಗಿದಳು.

“ಬರೆದಿಲ್ಲ ಅಂದ್ರೆ ಅವರು ಒಳಗೇ ಹೋಗಿಲ್ಲ ಸರ್! ಒಳಗೆ ಹೋಗಿದ್ರೆ ಏನಾದ್ರೂ ಕಾಣ್ತಿತ್ತು. ನಮಗೆ ಇಲ್ಲಿನ ಮೂಲೆಮೂಲೆ ಗೊತ್ತು. ನಾವು ಹೇಳ್ತೀವಿ, ಇವರು ಸರಿ ಮಾಡ್ತಾರೆ, ಮತ್ತೆ ಹೇಳ್ತೀವಿ. ಈ ಕಿಟಕಿ ಸರಿ ಮಾಡಿದ್ದು ಯಾರು? ಇವಳ ಗಂಡ,” ಎಂದು ಆಯಾಳ ಕಡೆ ಬೆರಳು ತೋರಿದಳು. “ಸ್ಕೂಲ್ ಇಲ್ಲೇ ಇರಬೇಕು ಸರ್. ಚಿಲಕಾನೂ ಬೇಕು. ಎರಡೂ ಬರ್ಕೊಳ್ಳಿ.”

ಅಧಿಕಾರಿ ಎದ್ದು ಹೋಗಿ ಕಿಟಕಿಯನ್ನು ಒಮ್ಮೆ ತೆರೆದು ಮುಚ್ಚಿದರು. ನಂತರ ಗುಮಾಸ್ತನಿಗೆ, “ಆ ಗೆರೆ ಹೊಡೆದುಹಾಕಿ. ‘ಶಾಲೆ ಇರಬೇಕು’ ಅಂತ ಒಂದು ಕಾಲಂ. ‘ಆಗಬೇಕಾದ ಕೆಲಸ’ ಅಂತ ಇನ್ನೊಂದು. ಮೊದಲ ಮೂವರನ್ನೂ ಮತ್ತೆ ಕೇಳಿ ಬರೆದುಕೊಳ್ಳಿ,” ಎಂದರು.

ಅಲ್ಲಿಂದ ಸಾಲು ಸರಾಗವಾಗಿ ಸಾಗಿತು. ದರ್ಜಿ ಬಂದ, ವೆಲ್ಡರ್ ಬಂದ, ತರಕಾರಿ ಗಾಡಿಯವಳು ಗಾಡಿಯನ್ನು ಗೇಟಿಗೆ ಒರಗಿಸಿ ಬಂದಳು. ಆದರೆ ಹನ್ನೊಂದೂವರೆಯ ನಂತರ ಸಾಲು ತೆಳುವಾಯಿತು. ಹನ್ನೆರಡಕ್ಕೆ ಅರವತ್ತೆಂಟು. ಹನ್ನೆರಡು ಹದಿನೈದಕ್ಕೆ ಎಪ್ಪತ್ತೊಂದು. ನಂತರ ಬಾಗಿಲಲ್ಲಿ ಯಾರೂ ಇಲ್ಲ. ಇನ್ನು ಇಪ್ಪತ್ತೇಳು ಬೇಕಿತ್ತು. ದೊಡ್ಡ ಮೇಡಂ ಗೇಟಿನವರೆಗೆ ಹೋಗಿ ಬಂದರು, ಮತ್ತೆ ಹೋದರು.

ಖಾಲಿ ಕುಳಿತಿದ್ದ ಅಧಿಕಾರಿ, “ವಿದ್ಯಾರ್ಥಿಗಳೂ ಬರೆದಿದ್ದಾರಲ್ಲ,” ಎನ್ನುತ್ತ ಕಟ್ಟಿನಿಂದ ಒಂದು ಪತ್ರ ಎಳೆದರು. ಅದನ್ನು ಓದಿ ಹುಬ್ಬೇರಿಸಿ, ಬರೆದವಳನ್ನು ಕರೆಸಲು ಹೇಳಿದರು. ಯಾಕಮ್ಮ ಬಂದು ನಿಂತಳು.

“ಒಂದೇ ಮೈಕ್ರೋಸ್ಕೋಪ್ ಇದೆ, ನನ್ನ ಪಾಲಿಗೆ ಐವತ್ತು ಸೆಕೆಂಡ್ ಅಂತ ಬರೆದಿದ್ದೀಯ. ಏನಮ್ಮ ಇದು?”

“ಪೀರಿಯಡ್ ಮೂವತ್ತೈದು ನಿಮಿಷ, ನಾವು ನಲವತ್ತೆರಡು ಮಂದಿ ಸರ್. ಭಾಗಿಸಿದ್ರೆ ಐವತ್ತು.”

“ಆ ಶಾಲೆಯಲ್ಲಿ ಹನ್ನೆರಡು ಇವೆ, ಗೊತ್ತಾ?”

“ಗೊತ್ತು ಸರ್. ಶನಿವಾರ ಹೋಗಿ ನೋಡ್ಕೊಂಡು ಬಂದೆ.”

ನಾನೂ ಬೆಚ್ಚಿದೆ. “ಒಳಗೆ ಹೇಗೆ ಬಿಟ್ಟರು?” ಎಂದರು ಅಧಿಕಾರಿ.

“ಈ ಸ್ಕೂಲಿಗೆ ಸೇರೋಳು ಅಂದೆ. ಸುಳ್ಳಲ್ಲ ಸರ್, ನೀವೇ ಕಳಿಸ್ತಿದ್ರಲ್ಲ.” ಗುಮಾಸ್ತ ಕೆಮ್ಮಿದಂತೆ ನಟಿಸಿ ನಕ್ಕ. “ಹನ್ನೆರಡೂ ಗಾಜಿನ ಬೀರು ಒಳಗಿವೆ. ಬೀಗದ ಮೇಲೆ ಬೆರಳಿಟ್ಟೆ, ಧೂಳು ಅಂಟ್ತು. ಅಲ್ಲಿ ಓದೋ ಅಕ್ಕನ್ನ ಕೇಳಿದೆ, ಒಂದು ಸಲಾನೂ ತೆಗೆದಿಲ್ಲ ಅಂದ್ಳು. ಹಾಗಾದ್ರೆ ಅಲ್ಲಿ ನನ್ನ ಪಾಲಿಗೆ ಸೊನ್ನೆ ಸೆಕೆಂಡ್. ಇಲ್ಲಿ ಐವತ್ತು. ಐವತ್ತು ಸಾಲಲ್ಲ ಅಂತ ಬರೆದೆ ಸರ್. ಐವತ್ತೂ ಬೇಡ ಅಂತ ಬರೆದಿಲ್ಲ.”

ಅಧಿಕಾರಿ ಆ ಪತ್ರವನ್ನು ಕಟ್ಟಿಗೆ ಮರಳಿಸದೆ ತಮ್ಮ ಕಡತದೊಳಗೆ ಇಟ್ಟುಕೊಂಡರು. ಆದರೆ ಗೋಡೆಯ ಗಡಿಯಾರದತ್ತ ನೋಡಿ ಮೆಲ್ಲಗೆ, “ನಿಯಮ ನಿಯಮವೇ ಮೇಡಂ. ಎಪ್ಪತ್ತೊಂದು ಅಂದರೆ ಎಪ್ಪತ್ತೊಂದು,” ಎಂದರು.

ಹನ್ನೆರಡು ಮೂವತ್ತೊಂಬತ್ತಕ್ಕೆ ಗೇಟಿನ ಬಳಿ ಬ್ರೇಕಿನ ಸದ್ದಾಯಿತು. ಕಾರ್ಖಾನೆಯ ನೀಲಿ ಬಸ್ಸು. ಅದರ ಎರಡೂ ಬಾಗಿಲುಗಳಿಂದ ಹೆಂಗಸರು, ಗಂಡಸರು ಧುಮುಕುತ್ತಿದ್ದರು. ಕೊರಳಲ್ಲಿ ಅಳತೆ ಪಟ್ಟಿ, ತಲೆಗೂದಲಲ್ಲಿ ಹತ್ತಿಯ ಎಳೆ, ಕೆಲವರ ಕೈಯಲ್ಲಿ ಬಿಚ್ಚದ ಊಟದ ಡಬ್ಬಿ. ಮುಂದೆ ಓಡಿ ಬಂದವನು ಯಾಕಮ್ಮನ ಸೋದರಮಾವ.

“ಊಟದ ಬಿಡುವು ಮಿಸ್! ಅರ್ಧ ಗಂಟೆ ನಮ್ಮದೇ, ಯಾವ ಸೂಪರ್‌ವೈಸರ್ ಅಪ್ಪಣೆನೂ ಬೇಡ. ಬಿಡುವಲ್ಲಿ ಬಸ್ಸು ಬೇಕಾದ್ರೆ ತಗೋ, ಒಂದಕ್ಕೆ ಗೇಟಲ್ಲಿರಬೇಕು ಅಂದ್ರು ಗ್ಯಾರೇಜಿನವರು. ಒಂದಕ್ಕೆ ಬೆಲ್ ಹೊಡೀತಾರೆ. ಹೋಗೋಕೆ ಒಂಬತ್ತು ನಿಮಿಷ, ಇಳಿದು ಓಡೋಕೆ ಒಂದು ನಿಮಿಷ.”

“ಎಷ್ಟು ಮಂದಿ?”

“ನಾನೂ ಸೇರಿ ಮೂವತ್ತೊಂದು.”

ಹನ್ನೆರಡು ಐವತ್ತಕ್ಕೆ ಹೊರಡಬೇಕು. ಉಳಿದದ್ದು ಹನ್ನೊಂದು ನಿಮಿಷ, ಅಂದರೆ ಆರುನೂರ ಅರವತ್ತು ಸೆಕೆಂಡು. “ಒಬ್ಬರಿಗೆ ಇಪ್ಪತ್ತೊಂದು ಸೆಕೆಂಡ್!” ಎಂದು ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. “ಮನೆ ನಂಬರ್, ಶಾಲೆ ಇರಬೇಕೋ ಬೇಡವೋ, ಒಂದು ಕೊರತೆ. ಅಷ್ಟೇ! ಸಾಲಾಗಿ ಬನ್ನಿ!”

ಯಾಕಮ್ಮ ಪ್ರಯೋಗಾಲಯದ ಸ್ಟಾಪ್‌ವಾಚ್ ಹಿಡಿದು ಮೇಜಿನ ಪಕ್ಕ ನಿಂತಳು. ಸಾಲು ಹರಿಯಿತು.

“ಇರಬೇಕು. ನೀರಿನ ಟ್ಯಾಂಕ್ ತೊಳೀಬೇಕು.”

“ಇರಬೇಕು ಸರ್. ಮಳೆ ಬಂದ್ರೆ ಸೈಕಲ್ ನಿಲ್ಸೋಕೆ ಜಾಗ ಇಲ್ಲ.”

“ಇರಬೇಕು. ಗಣಿತದ ಸರ್ ನಗೋದು ಕಲೀಬೇಕು.”

“ಇರಬೇಕು, ಇರಬೇಕು. ಕೊರತೆ… ಕೊರತೆ… ಅಯ್ಯೋ ನೆನಪಾಗ್ತಿಲ್ಲ!”

“ಹೊತ್ತಾಯ್ತು ಅತ್ತೆ, ಮುಂದೆ!” ಎಂದಳು ಯಾಕಮ್ಮ.

ತೊಂಬತ್ತೇಳನೆಯವರು ಮುಗಿಸಿದಾಗ ನಾನು ಪಟ್ಟಿಯ ಮುಂದಿನ ಸಾಲಿನ ಮೇಲೆ ಬೆರಳಿಟ್ಟೆ. ತೊಂಬತ್ತೆಂಟನೆಯವಳು ಅಂಗಿಯ ಗುಂಡಿಗಳಿಗೆ ಕಾಜ ಹೊಲಿಯುವ ಹೆಂಗಸು. ಮೇಜಿನ ಮೇಲೆ ಎರಡೂ ಕೈ ಊರಿ, “ಇರಬೇಕು,” ಎಂದಳು. ಅವಳಿಗೆ ತಾನು ಎಷ್ಟನೆಯವಳೆಂಬುದು ತಿಳಿದಿರಲಿಲ್ಲ. ಕೋಣೆಯಲ್ಲಿದ್ದ ಮಿಕ್ಕವರೆಲ್ಲರಿಗೂ ತಿಳಿದಿತ್ತು. ಕಿಟಕಿಗೆ ಅಂಟಿಕೊಂಡಿದ್ದ ಒಂಬತ್ತನೆಯ ತರಗತಿಯವರು ಹಾಕಿದ ಕೇಕೆಗೆ ಅವಳು ಹೆದರಿ, “ನಾನೇನು ತಪ್ಪು ಹೇಳಿದೆ?” ಎಂದಳು. ದೊಡ್ಡ ಮೇಡಂ ಅವಳನ್ನು ತಬ್ಬಿಕೊಂಡರು. ಅದಕ್ಕೂ ಇಪ್ಪತ್ತೊಂದು ಸೆಕೆಂಡಿಗಿಂತ ಹೆಚ್ಚು ಹಿಡಿಯಲಿಲ್ಲ. ಹಿಂದೆ ಇನ್ನೂ ನಾಲ್ವರಿದ್ದರು.

ನೂರ ಎರಡನೆಯವನಾಗಿ ಚಾಲಕ ನಿಂತ. “ಇರಬೇಕು ಸರ್. ಕೊರತೆ ಏನಂದ್ರೆ, ನೀವಿನ್ನೂ ತೀರ್ಪು ಹೇಳಿಲ್ಲ. ಬಸ್ಸಲ್ಲಿ ಎಲ್ಲ ಕಾಯ್ತಿದಾರೆ. ಒಂದು ಮಾತು ಹೇಳಿಬಿಡಿ, ಹೊಟ್ಟೆಗಂತೂ ಇಲ್ಲ, ಕಿವಿಗಾದ್ರೂ ಹಾಕ್ಕೊಂಡು ಹೋಗ್ತೀವಿ.”

ಅಧಿಕಾರಿ ಕಡತ ತೆರೆದರು. ಪ್ರಸ್ತಾವನೆಯ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಕೆಳಗೆ ‘ರದ್ದು’ ಎಂದು ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿದರು. ಬಳಿಕ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಚಾಲಕ ಬಸ್ಸಿನತ್ತ ಓಡಿದ. ಹನ್ನೆರಡು ಐವತ್ತಕ್ಕೆ ಬಸ್ಸು ಹೊರಟಿತು. ಗೇಟಿನಿಂದ ಇಸ್ತ್ರಿ ಅಂಗಡಿಯವರೆಗೆ, ಇಸ್ತ್ರಿ ಅಂಗಡಿಯಿಂದ ಬೀದಿಯ ತಿರುವಿನವರೆಗೆ ಅವನು ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಕಿಟಕಿಗಳಿಂದ ಮೂವತ್ತು ಜೊತೆ ಕೈಗಳು ಊಟದ ಡಬ್ಬಿಗಳನ್ನು ಬಡಿಯುತ್ತಿದ್ದವು. ಬೀದಿಯ ಅಂಗಡಿಗಳವರೆಲ್ಲ ಹೊರಬಂದು, ವಿಷಯ ಕೇಳುವ ಮೊದಲೇ ನಗುತ್ತಿದ್ದರು.