ಬೋರ್ಡ್ ಮಂಜಯ್ಯ ಕೊಪ್ಪಕ್ಕೆ ಹೋದದ್ದು

ಮಂಜಯ್ಯ ಪೇಟೆಯಲ್ಲಿ ನಡೆಯುವಾಗ ನೆಲ ನೋಡಿದವನಲ್ಲ. ಕತ್ತನ್ನು ಓರೆಯಾಗಿ ಮೇಲೆತ್ತಿ, ಅಂಗಡಿಗಳ ನೆತ್ತಿಯ ಅಕ್ಷರಗಳನ್ನು ಕಣ್ಣಿನಿಂದಲೇ ಸವರುತ್ತ, ಎದುರಿಗೆ ಬಂದವರ ಭುಜಕ್ಕೆ ಭುಜ ತಾಗಿಸಿ, "ಕಾಣ್ಲಿಲ್ಲ ಮಾರಾಯ" ಎಂದು ಅವರಿಗಿಂತ ಮೊದಲೇ ನಕ್ಕು ಮುಂದೆ ಸಾಗುವುದು ಅವನ ನಡಿಗೆಯ ರೀತಿ. ನರಸಿಂಹರಾಜಪುರದಿಂದ ಶೃಂಗೇರಿಯವರೆಗೆ ಯಾವ ಅಂಗಡಿಯ 'ಶ್ರೀ'ಗೆ ಬೆನ್ನು ಬಾಗಿದೆ, ಯಾವ ಹೋಟೆಲಿನ 'ಳ'ಕ್ಕೆ ಹೊಟ್ಟೆ ದಪ್ಪವಾಗಿದೆ ಎಂಬುದು ಅವನಿಗೆ ನೆಂಟರ ಮುಖದಷ್ಟೇ ಪರಿಚಿತ. ಮುತ್ತಿನಕೊಪ್ಪದ ಈ ಬೋರ್ಡ್ ಬರೆಯುವವನಿಗೆ ಈಗ ಐವತ್ತೇಳು ವರ್ಷ. ಫ್ಲೆಕ್ಸ್ ಬಂದು ಮುಕ್ಕಾಲು ಕೆಲಸ ಹೋದ ಮೇಲೂ ಬಸ್ಸಿನ ಹೆಸರು, ಶಾಲೆಯ ಗೋಡೆ ಎನ್ನುತ್ತ ಕುಂಚ ಕೆಳಗಿಡದ ಹಟಮಾರಿ.

ಅವನಿಗೆ ಚಿತ್ರ ಕಲಿಸಿದವರು ಯಾರೂ ಇಲ್ಲವೆಂದು ಊರು ತಿಳಿದಿತ್ತು. ಆದರೆ ಮಂಜಯ್ಯನಿಗೆ ಗುರುವೊಬ್ಬರಿದ್ದರು. ಪ್ರಾಥಮಿಕ ಶಾಲೆಯ ಕಪಾಟಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಮಕ್ಕಳ ಪತ್ರಿಕೆಯಲ್ಲಿ, ಕಥೆಗಳ ಪಕ್ಕದಲ್ಲಿ ನಿಂತ ಕುದುರೆ, ಹುಲಿ, ರಾಜಕುಮಾರಿಯರ ಮೂಲೆಯಲ್ಲಿ 'ತ್ರಿ' ಎಂಬ ಒಂದೇ ಅಕ್ಷರ ಇರುತ್ತಿತ್ತು. ಆ 'ತ್ರಿ' ದಪ್ಪ ಮೀಸೆಯ ಗಂಡಸೆಂದು ಅವನು ಎಷ್ಟೋ ವರ್ಷ ನಂಬಿದ್ದ. ತ್ರಿಪುರಸುಂದರಿ ಎಂಬ ಹೆಂಗಸೆಂದು ತಿಳಿದಾಗ ಅವನಿಗಾಗಲೇ ಮದುವೆಯಾಗಿತ್ತು. ಹಳೆಯ ಸಂಚಿಕೆಯ ಹರಿದ ಪುಟಗಳನ್ನು ಆಗಲೂ ಅವನು ಬಣ್ಣದ ಡಬ್ಬಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

ಕಳೆದ ಡಿಸೆಂಬರಿನಲ್ಲಿ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಒಂದರಲ್ಲಿ ಅದೇ ಹೆಸರು ಕಂಡಿತು. ಕೊಪ್ಪದಲ್ಲಿ ಮಕ್ಕಳ ಚಿತ್ರಕಲಾ ಶಿಬಿರ. ಸಮಾರೋಪಕ್ಕೆ ಹಿರಿಯ ಕಲಾವಿದೆ ತ್ರಿಪುರಸುಂದರಿಯವರ ಮಾತು. ಫ್ಲೆಕ್ಸ್ ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಅದನ್ನು ಮೂರು ಸಲ ಓದಿದ. ಮನೆಗೆ ಬಂದವನು ಹೆಂಡತಿ ವನಜಮ್ಮನಿಗೆ ಹೇಳಿ, "ನಾನು ಹೋಗಿ ಎಂತ ಮಾಡ್ಲಿ? ಅದು ಮಕ್ಕಳ ಕಾರ್ಯಕ್ರಮ" ಎಂದ.

"ಹೋಗಿ ಬನ್ನಿ ಮಾರಾಯ್ರೆ. ಹೋಗ್ದಿದ್ರೆ ಸಾಯೋವರೆಗೂ ಅದನ್ನೇ ಹೇಳ್ತೀರಿ, ನಾನು ಕೇಳ್ಬೇಕು" ಎಂದು ವನಜಮ್ಮ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಕೊಟ್ಟಳು.

ಸಭಾಂಗಣದ ಕೊನೆಯ ಸಾಲಿನಲ್ಲಿ, ಮಕ್ಕಳ ತಂದೆತಾಯಂದಿರ ನಡುವೆ ಅವನು ಮೊಣಕಾಲು ಕೂಡಿಸಿ ಕುಳಿತ. ಎಂಬತ್ತು ದಾಟಿದ, ಹಿಡಿಯಷ್ಟು ದೇಹದ, ನೂಲಿನ ಸೀರೆಯ ಹೆಂಗಸೊಬ್ಬರು ಗೋಡೆಗೆ ಕೈ ಆನಿಸಿಕೊಳ್ಳುತ್ತ ವೇದಿಕೆ ಏರಿದರು. ಆ ಹುಲಿಗಳೆಲ್ಲ ಹೊರಟುಬಂದದ್ದು ಇಷ್ಟು ಸಣ್ಣ ಅಂಗೈಯಿಂದಲೇ ಎಂದು ಮಂಜಯ್ಯ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ಚಿತ್ರಗಳಿಗೆ ಮಾತಿರಲಿಲ್ಲವಾದ್ದರಿಂದ ಅವರ ದನಿಯನ್ನು ಅವನು ಎಂದೂ ಊಹಿಸಿರಲಿಲ್ಲ. ಈಗ ಆ ದನಿ, ಸ್ವಲ್ಪ ಒಡಕಾಗಿ, ಅಕ್ಕರೆಯಾಗಿ, ಮೈಕಿನಲ್ಲಿ ಹರಿದು ಬಂದಾಗ ಅವನ ಕಣ್ಣು ಒದ್ದೆಯಾಯಿತು.

"ನನಗೆ ಕಾಲು ಬರೆಯೋಕೆ ಬರ್ತಿರಲಿಲ್ಲ ಮಕ್ಕಳೇ" ಎಂದರು ಅವರು. "ಕುದುರೆ ಬರೆದರೆ ನಾಲ್ಕು ಕೊರಡು ನೆಟ್ಟ ಹಾಗೆ ಕಾಣೋದು. ಸಂಪಾದಕರಿಗೆ ಬೆಳಿಗ್ಗೆಯೇ ಚಿತ್ರ ಬೇಕು. ಅದಕ್ಕೇ ಹುಲ್ಲು ಬರೆದು ಕಾಲು ಮುಚ್ಚಿಬಿಡ್ತಿದ್ದೆ."

ಮಕ್ಕಳು ಗೊಳ್ಳೆಂದು ನಕ್ಕರು. ಮಂಜಯ್ಯ ಮಾತ್ರ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ. ನಲವತ್ತು ವರ್ಷಗಳಿಂದ ಅವನು ಬರೆದ ದನ, ಹುಲಿ, ದೇವರ ವಾಹನ ಎಲ್ಲವೂ ಮೊಣಕಾಲುದ್ದ ಹುಲ್ಲಿನಲ್ಲೇ ನಿಂತಿದ್ದವು. ಕಮ್ಮರಡಿಯ ಟೈಲರ್ ಸುಬ್ರಾಯ ಒಮ್ಮೆ, "ರವಿಕೆ ಹೊಲಿಯೋ ಅಂಗಡಿ ಬೋರ್ಡಲ್ಲಿ ಹೆಂಗಸು ಹುಲ್ಲಲ್ಲಿ ಎಂತಕ್ಕೆ ನಿಂತಿದಾಳೆ ಮಾರಾಯ?" ಎಂದು ಜಗಳಕ್ಕೇ ಬಂದಿದ್ದ. "ಹುಲ್ಲಿಲ್ದೆ ಚಿತ್ರ ನಿಲ್ಲಲ್ಲ, ಅದು ಶಾಸ್ತ್ರ" ಎಂದು ಮಂಜಯ್ಯ ಒಂದೆಳೆಯನ್ನೂ ಅಳಿಸಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಅವನು ಎದ್ದು ನಿಂತಿದ್ದ. ನಿಂತದ್ದು ಅವನಿಗೇ ತಿಳಿಯಲಿಲ್ಲ.

"ನಾನು ಬೋರ್ಡ್ ಬರೆಯೋನು ಅಮ್ಮ, ಮುತ್ತಿನಕೊಪ್ಪದ ಮಂಜಯ್ಯ. ನಿಮ್ಮ ಚಿತ್ರ ನೋಡೇ ಕಲ್ತಿದ್ದು. ಇಷ್ಟು ವರ್ಷನೂ ಹುಲ್ಲು ಬರೀತಾ ಬಂದೆ. ಅದು ಮುಚ್ಚೋಕೆ ಅಂತ ಗೊತ್ತಿರ್ಲಿಲ್ಲ."

ತ್ರಿಪುರಸುಂದರಿಯವರು ಕನ್ನಡಕ ಸರಿಪಡಿಸಿಕೊಂಡು ಅವನತ್ತ ನೋಡಿದರು.

"ಈ ಊರಲ್ಲಿ ನೀವು ಬರೆದದ್ದು ಏನಾದರೂ ಇದೆಯಾ?"

"ಹಿಂದಿನ ರಸ್ತೆಲಿ ಹಾಲಿನಂಗಡಿ ಇದೆ. ಅಲ್ಲೊಂದು ದನ..."

"ಮುಗಿದ ಮೇಲೆ ಕರಕೊಂಡು ಹೋಗಿ."

ಹಾರ, ಶಾಲುಗಳೆಲ್ಲ ಮುಗಿದ ಮೇಲೆ ಅವರು ನಿಜವಾಗಿಯೂ ಬಂದರು. ಮಂಜಯ್ಯ ಅಂದು ದಾರಿಯುದ್ದಕ್ಕೂ ನೆಲವನ್ನೇ ನೋಡಿ ನಡೆದ. ಒಂದು ಕಲ್ಲೂ ಅವರ ಕಾಲಿಗೆ ತಾಗಬಾರದು. ಹಾಲಿನಂಗಡಿಯ ತಗಡಿನ ಬೋರ್ಡಿನ ಮುಂದೆ ಅವರು ಕತ್ತೆತ್ತಿ ನಿಂತರು. ಗಾಳಿಗೆ ಒಂದೇ ಪಕ್ಕಕ್ಕೆ ಒರಗಿದ ಹುಲ್ಲಿನ ಎಸಳುಗಳು, ತುದಿಯಲ್ಲಿ ನವುರಾದ ತೆನೆ, ಒಂದು ಎಸಳಿನ ಬೆನ್ನಿಗೆ ಅಂಟಿದ ಮಿಡತೆ.

"ನಾನು ನಾಲ್ಕು ಗೆರೆ ಎಳೆದು ತಪ್ಪಿಸಿಕೊಂಡೆ" ಎಂದರು ಮೆಲ್ಲಗೆ. "ನೀವು ಹುಲ್ಲನ್ನೇ ನೋಡಿದ್ದೀರಿ ಮಂಜಯ್ಯ."

ಮತ್ತೆ ಅವನತ್ತ ತಿರುಗಿ, "ಕಾಲು ಬರೆಯೋಕೆ ಬರುತ್ತಾ?" ಎಂದು ಕೇಳಿದರು.

"ಇಲ್ಲಮ್ಮ."

"ನನಗೂ ಇನ್ನೂ ಬಂದಿಲ್ಲ. ಅಗೋ, ಅಲ್ಲೊಂದು ನಿಂತಿದೆ, ನೋಡೋಣ."

ರಸ್ತೆಯಂಚಿನಲ್ಲಿ ಬೀಡಾಡಿ ಹಸುವೊಂದು ಮೆಲುಕು ಹಾಕುತ್ತಿತ್ತು. ಅಂಗಡಿಯ ಬೆಂಚಿನಲ್ಲಿ ಪಕ್ಕಪಕ್ಕ ಕುಳಿತು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ, ಅವರು ಪೆನ್ಸಿಲಿನಿಂದ ಒಂದು ಗೊರಸು ಬರೆದರು, ಅವನೊಂದು ಬರೆದ. ಅವರದು ಹಲಸಿನ ಬೀಜದಂತೆ ಆಯಿತು, ಅವನದು ಬೂಟಿನಂತೆ. ಇಬ್ಬರೂ ಅಳಿಸಿ ಮತ್ತೆ ಬರೆದರು. ಕಾರು ಸಿದ್ಧವಾಗಿದೆ ಎಂದು ಹುಡುಕಿಕೊಂಡು ಬಂದ ಸಂಘಟಕರನ್ನು ಆ ಹಿರಿಯ ಜೀವ ಎರಡು ಸಲ ಕೈಸನ್ನೆಯಿಂದಲೇ ನಿಲ್ಲಿಸಿತು.

ಸಂಜೆ ವನಜಮ್ಮ, "ಎಂತ ಹೇಳಿದ್ರು ಅವ್ರು?" ಎಂದು ಕೇಳಿದಾಗ ಮಂಜಯ್ಯ ಜಗಲಿಯಲ್ಲಿ ಕುಳಿತು ಚಪ್ಪಲಿ ಬಿಚ್ಚುತ್ತಿದ್ದ. ತಲೆಯೆತ್ತಿ ಹೇಳಿದ: "ನನ್ನ ಪಕ್ಕ ಕೂತ್ಕೊಂಡು ತಪ್ಪು ಮಾಡಿದ್ರು ಕಣೇ."

ದೂರದಲ್ಲಿ ಯಾರೋ ಮಾಡಿದ ಕೆಲಸವೊಂದನ್ನು ಎಳೆಯ ವಯಸ್ಸಿನಲ್ಲಿ ಕಂಡು, ಕರೆಯದೆಯೇ ಅವರ ಹಿಂದೆ ಹೊರಟುಬಿಡುವ ಜನ ನಮ್ಮ ಊರೂರಿನಲ್ಲಿದ್ದಾರೆ. ಗುರುವಿನ ಬಲ ಯಾವುದು, ದೌರ್ಬಲ್ಯ ಯಾವುದು ಎಂದು ವಿಂಗಡಿಸಿ ಹೇಳುವವರು ಅವರಿಗೆ ಸಿಕ್ಕಿರುವುದಿಲ್ಲ. ಎರಡನ್ನೂ ಒಂದೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಜೀವಮಾನವೆಲ್ಲ ದುಡಿಯುತ್ತಾರೆ. ಆ ದುಡಿಮೆಯಲ್ಲಿ, ಅವರ ಅರಿವಿಗೂ ಬಾರದೆ, ಗುರುವಿನ ಕೊರತೆಯೊಂದು ಅವರ ಕೈಯಲ್ಲಿ ಸಂಪತ್ತಾಗಿ ಬೆಳೆದಿರುತ್ತದೆ. ಇಂಥವರ ಎದುರು ನಿಂತಾಗ ದೊಡ್ಡವರೂ ಬೆರಗಾಗುವುದು ಅದಕ್ಕೇ ಇರಬೇಕು.